ವಿಮಾನದ ಮೈಲಿ: ಚೀಲಕ್ಕೆ ಬೀಳದ ಕೊಸರು

ಸಂತೆಯಲ್ಲಿ ತರಕಾರಿ ತೂಗಿದ ಮೇಲೆ ಇನ್ನೆರಡು ಕಾಯಿಯನ್ನು ಮೇಲೆ ಹಾಕುವುದಕ್ಕೆ ಕೊಸರು ಎನ್ನುತ್ತಾರೆ. ಕೊಸರು ಕೇಳದೆ ಚೀಲದ ಬಾಯಿ ಕಟ್ಟುವ ಗೃಹಿಣಿ ನೆಲಮಂಗಲ ಸೀಮೆಯಲ್ಲಿ ಅಪರೂಪ. ಕೊಸರಿನ ನಿಯಮ ಸರಳವಾದದ್ದು: ಕೊಡುವುದಿದ್ದರೆ ಆಗಲೇ ಕೊಡಬೇಕು, ಕಣ್ಣೆದುರಿಗೇ ಚೀಲಕ್ಕೆ ಹಾಕಬೇಕು. ‘ಇವತ್ತಿನ ಕೊಸರನ್ನು ಎರಡು ವರ್ಷ ಬಿಟ್ಟು ಕೊಡುತ್ತೇನೆ, ಅದೂ ಆಗ ನನ್ನ ಅಂಗಡಿ ಇದ್ದರೆ’ ಎನ್ನುವ ವ್ಯಾಪಾರಿಯ ಮುಂದೆ ಯಾರೂ ಎರಡನೆಯ ಬಾರಿ ನಿಲ್ಲುವುದಿಲ್ಲ.

ವಿಮಾನ ಸಂಸ್ಥೆಗಳೂ ಬ್ಯಾಂಕುಗಳೂ ಹಂಚುತ್ತಿರುವ ಮೈಲಿ, ಪಾಯಿಂಟುಗಳು ಹೆಚ್ಚೂ ಕಡಿಮೆ ಇಂಥದೇ ಕೊಸರು. ಕೊಡುವ ಭರವಸೆ ಇಂದಿನದು, ಕೊಡುವ ದಿನ ಮುಂದಿನದು, ಕೊಡುವ ಪ್ರಮಾಣವನ್ನು ನಿರ್ಧರಿಸುವವರು ಕೊಡುವವರೇ. ಆದರೂ ಸಂತೆಯಲ್ಲಿ ಅಷ್ಟು ಎಚ್ಚರದಿಂದಿರುವ ಜನ ಇಲ್ಲಿ ಎಚ್ಚರ ತಪ್ಪುತ್ತಾರೆ. ಕಾರಣ, ಈ ಕೊಸರಿನ ಲೆಕ್ಕವನ್ನು ಯಾರೂ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿಲ್ಲ.

ವಿಮಾನ ಹತ್ತಿರ ಬಂತು, ಕಾರ್ಡೂ ಬಂತು

ತ್ಯಾಮಗೊಂಡ್ಲು ನೆಲಮಂಗಲ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಇಂಥ ಊರಿಗೂ ವಿಮಾನ ಮೈಲಿಗಳಿಗೂ ಏನು ಸಂಬಂಧ ಎಂಬ ಪ್ರಶ್ನೆ ಇಪ್ಪತ್ತು ವರ್ಷಗಳ ಹಿಂದೆ ಸಹಜವಾಗಿತ್ತು. ಆಗ ವಿಮಾನ ಹತ್ತಬೇಕಾದರೆ ಬೆಂಗಳೂರು ನಗರವನ್ನು ದಾಟಿ ಎಚ್‌ಎಎಲ್ ನಿಲ್ದಾಣಕ್ಕೆ ಹೋಗಬೇಕಾಗಿತ್ತು. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದಾಗ ಬೆಂಗಳೂರು ಗ್ರಾಮಾಂತರದ ಜನರ ಪಾಲಿಗೆ ಆಕಾಶ ನೆರೆಯ ತಾಲ್ಲೂಕಿಗೆ ಇಳಿದು ಬಂದಂತಾಯಿತು. ಇತ್ತ ದಾಬಸ್‌ಪೇಟೆಯ ಸೋಂಪುರ ಕೈಗಾರಿಕಾ ಪ್ರದೇಶ ಬೆಳೆಯಿತು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೂಲಕ ಹೊಸಕೋಟೆಯ ಕಡೆಗೆ ಹೊಸ ವರ್ತುಲ ಹೆದ್ದಾರಿ ಬಂತು. ನಗರದೊಳಗೆ ಕಾಲಿಡದೆಯೇ ವಿಮಾನ ನಿಲ್ದಾಣದ ದಿಕ್ಕು ಹಿಡಿಯುವುದು ಸಾಧ್ಯವಾಯಿತು.

ಸಾಲದ ಕಾರ್ಡು ಅಂಗಡಿಯ ಕಟ್ಟೆಗೆ ಬಂದದ್ದು ಇನ್ನೂ ಈಚೆಗೆ. 2022ರಲ್ಲಿ ರಿಸರ್ವ್ ಬ್ಯಾಂಕ್ ರುಪೇ ಕ್ರೆಡಿಟ್ ಕಾರ್ಡುಗಳನ್ನು ಯುಪಿಐಗೆ ಜೋಡಿಸಲು ಅನುಮತಿ ನೀಡಿತು. ಅಲ್ಲಿಯವರೆಗೆ ಕಾರ್ಡು ಉಜ್ಜುವ ಯಂತ್ರವಿದ್ದ ದೊಡ್ಡ ಅಂಗಡಿಗಳಿಗೆ ಸೀಮಿತವಾಗಿದ್ದ ಸಾಲದ ವಹಿವಾಟು, ಕ್ಯೂಆರ್ ಚೀಟಿ ಅಂಟಿಸಿಕೊಂಡ ಕಿರಾಣಿ ಅಂಗಡಿಯನ್ನೂ ತಲಪುವ ದಾರಿ ತೆರೆಯಿತು. ಕಾರ್ಖಾನೆಯಲ್ಲಿ ಮೊದಲ ಸಂಬಳ ಎಣಿಸುವ ಯುವಕನಿಗೆ ಕಾರ್ಡು ಮಾರುವವರು ಹೇಳುವ ಮೊದಲ ಮಾತು ಬಡ್ಡಿಯದಲ್ಲ. ‘ಖರ್ಚು ಮಾಡಿದಷ್ಟೂ ಪಾಯಿಂಟು, ಪಾಯಿಂಟಿನಲ್ಲಿ ವಿಮಾನ’ ಎಂಬುದು ಆ ಮಾತು. ಅಪ್ಪ ಅಮ್ಮನನ್ನು ಒಮ್ಮೆ ವಿಮಾನದಲ್ಲಿ ಕಾಶಿಗೆ ಕರೆದೊಯ್ಯಬೇಕೆಂಬ ಹಂಬಲ ಯಾವ ಮನೆಯಲ್ಲಿಲ್ಲ? ಮಾರಾಟದ ಮಾತು ನೇರವಾಗಿ ಆ ಹಂಬಲಕ್ಕೇ ಕೈ ಹಾಕುತ್ತದೆ.

ಮೈಲಿ ಯಾರ ಹಣ?

ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಲ್ಲಿ ತನ್ನ ಮೈಲಿ ಯೋಜನೆಯನ್ನು ಆರಂಭಿಸಿದಾಗ ಉದ್ದೇಶ ಸ್ಪಷ್ಟವಾಗಿತ್ತು. ಪದೇ ಪದೇ ಹಾರುವ ಗಿರಾಕಿ ಬೇರೆ ಸಂಸ್ಥೆಗೆ ಹೋಗಬಾರದು, ಖಾಲಿ ಉಳಿಯುವ ಆಸನ ಅವನಿಗೆ ಉಡುಗೊರೆಯಾಗಬೇಕು. ಹಾರಿದ ದೂರವೇ ಅಳತೆಯಾದ್ದರಿಂದ ‘ಮೈಲಿ’ ಎಂಬ ಹೆಸರು ಬಂತು.

ಕಾಲಕ್ರಮದಲ್ಲಿ ಅಳತೆಯೇ ಬದಲಾಯಿತು. ವಿಮಾನ ಸಂಸ್ಥೆಗಳು ತಮ್ಮ ಮೈಲಿಗಳನ್ನು ಬ್ಯಾಂಕುಗಳಿಗೆ ಸಗಟಾಗಿ ಮಾರತೊಡಗಿದವು. ಬ್ಯಾಂಕುಗಳು ಅವನ್ನು ಕಾರ್ಡುದಾರರಿಗೆ ಚಿಲ್ಲರೆಯಾಗಿ ಹಂಚಿದವು. ಅಂಗಡಿಯವನು ಬ್ಯಾಂಕಿಗೆ ತೆರುವ ಶುಲ್ಕ, ಕಾರ್ಡಿನ ವಾರ್ಷಿಕ ಶುಲ್ಕ, ಬಾಕಿ ಉಳಿಸಿಕೊಂಡವರು ಕಟ್ಟುವ ಬಡ್ಡಿ, ಈ ಮೂರು ತೊರೆಗಳಿಂದ ಆ ಮೈಲಿಗಳ ಬೆಲೆ ಹುಟ್ಟುತ್ತದೆ. ಪೂರ್ತಿ ಬಾಕಿಯನ್ನು ಹೊತ್ತಿಗೆ ಸರಿಯಾಗಿ ತೀರಿಸುವವನ ಉಚಿತ ಪ್ರಯಾಣಕ್ಕೆ, ತೀರಿಸಲಾಗದೆ ಬಡ್ಡಿ ಕಟ್ಟುವವನೂ ಒಂದು ಪಾಲು ತೆರುತ್ತಾನೆ. ಈ ಸತ್ಯವನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಈ ವ್ಯಾಪಾರ ಎಷ್ಟು ದೊಡ್ಡದೆಂಬುದು ಕೊರೊನಾ ಕಾಲದಲ್ಲಿ ಬಯಲಾಯಿತು. 2020ರಲ್ಲಿ ವಿಮಾನಗಳು ನೆಲ ಹಿಡಿದಾಗ ಅಮೆರಿಕದ ಯುನೈಟೆಡ್ ಸಂಸ್ಥೆ ತನ್ನ ಮೈಲಿ ಯೋಜನೆಯನ್ನೇ ಅಡಮಾನವಿಟ್ಟು ಕೋಟ್ಯಂತರ ಡಾಲರ್ ಸಾಲ ತಂದಿತು. ಡೆಲ್ಟಾ ಸಂಸ್ಥೆಯೂ ಅದೇ ಹಾದಿ ಹಿಡಿಯಿತು. ವಿಮಾನ ಹಾರದಿದ್ದಾಗಲೂ ಮೈಲಿಯ ವಹಿವಾಟಿಗೆ ಬೆಲೆ ಇತ್ತು. ಆ ಬೆಲೆ ಸಂಸ್ಥೆಯದು, ಮೈಲಿ ಕೂಡಿಟ್ಟ ಪ್ರಯಾಣಿಕನದಲ್ಲ.

ಈಗ ಮೈಲಿ ಎಂಬುದು ಮೈಲಿಯಾಗಿಯೂ ಉಳಿದಿಲ್ಲ. ಏರ್ ಇಂಡಿಯಾ 2024ರಲ್ಲಿ ತನ್ನ ಯೋಜನೆಯನ್ನು ಬದಲಿಸಿ, ಹಾರಿದ ದೂರದ ಬದಲು ಟಿಕೆಟ್ಟಿಗೆ ತೆತ್ತ ಹಣವನ್ನು ಆಧರಿಸಿ ಪಾಯಿಂಟು ಕೊಡತೊಡಗಿತು. ಬಹುಕಾಲ ಇಂಥ ಯೋಜನೆಯಿಂದ ದೂರವೇ ಉಳಿದಿದ್ದ ಇಂಡಿಗೋ ಕೂಡ ಅದೇ ವರ್ಷ ‘ಬ್ಲೂಚಿಪ್’ ಎಂಬ ಯೋಜನೆಯನ್ನು ತಂದಿತು. ಕಡಿಮೆ ದರದ ಟಿಕೆಟ್ಟು ಹುಡುಕುವ ಸಾಮಾನ್ಯ ಪ್ರಯಾಣಿಕನಿಗೆ ಇಂಥ ಲೆಕ್ಕದಲ್ಲಿ ಸಿಗುವುದು ಕಡಿಮೆಯೇ.

ಬೆಂಗಳೂರಿನ ಕಣ್ಣೆದುರಿನ ಪಾಠ

ಕೂಡಿಟ್ಟ ಮೈಲಿ ಏನಾಗಬಹುದು ಎಂಬುದಕ್ಕೆ ಕನ್ನಡಿಗರು ದೂರದ ಉದಾಹರಣೆ ಹುಡುಕಬೇಕಿಲ್ಲ. ಬೆಂಗಳೂರು ಮೂಲದ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಲ್ಲಿ ಹಾರಾಟ ಆರಂಭಿಸಿತು. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು 2003ರಲ್ಲಿ ಕಡಿಮೆ ದರದ ವಿಮಾನ ಸಂಸ್ಥೆಯಾಗಿ ಆರಂಭಿಸಿದ್ದ ಏರ್ ಡೆಕ್ಕನ್‌ನಲ್ಲಿ 2007ರಲ್ಲಿ ಪಾಲು ಕೊಂಡು, ಮರುವರ್ಷ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ‘ಕಿಂಗ್ ಕ್ಲಬ್’ ಎಂಬುದು ಅದರ ಮೈಲಿ ಯೋಜನೆ. ಪ್ರಯಾಣಿಕರು ವರ್ಷಗಟ್ಟಲೆ ಅದರಲ್ಲಿ ಮೈಲಿ ಕೂಡಿಟ್ಟರು.

2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನಿಂತವು, ಹಾರಾಟದ ಪರವಾನಗಿ ಅಮಾನತಾಯಿತು. ತಿಂಗಳುಗಟ್ಟಲೆ ಸಂಬಳ ಕಾಣದೆ ನೌಕರರು ಬೀದಿಗಿಳಿದಿದ್ದರು. 2016ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕಂಪನಿಯ ಸಮಾಪನಕ್ಕೆ ಆದೇಶಿಸಿತು. ಬ್ಯಾಂಕುಗಳು ಸಾವಿರಾರು ಕೋಟಿಗಾಗಿ ಬಡಿದಾಡುತ್ತಿದ್ದ ಆ ಜಗಳದಲ್ಲಿ ಮೈಲಿ ಕೂಡಿಟ್ಟವರ ಮಾತು ಕೇಳುವವರು ಯಾರೂ ಇರಲಿಲ್ಲ. ಹಾರುವ ವಿಮಾನವೇ ಇಲ್ಲವಾದ ಮೇಲೆ ಮೈಲಿಗಳಿಗೆ ಬೆಲೆಯೂ ಉಳಿಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಜೆಟ್ ಏರ್‌ವೇಸ್‌ನ ಕಥೆ ತುಸು ಬೇರೆ. 2019ರ ಏಪ್ರಿಲ್ 17ರಂದು ಅದರ ಹಾರಾಟ ನಿಂತಿತು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದರ ಆಸ್ತಿ ಮಾರಿ ಲೆಕ್ಕ ಮುಗಿಸಲು ಆದೇಶಿಸಿತು. ಆದರೆ ಅದರ ಮೈಲಿ ಯೋಜನೆ ಪ್ರತ್ಯೇಕ ಕಂಪನಿಯ ಕೈಯಲ್ಲಿತ್ತು. ಅದರಲ್ಲಿ ಅಬುಧಾಬಿಯ ಎತಿಹಾದ್ ಸಂಸ್ಥೆಗೆ ಅರ್ಧಕ್ಕಿಂತ ತುಸು ಹೆಚ್ಚಿನ ಪಾಲಿತ್ತು. ಹಾಗಾಗಿ 2019ರ ಕೊನೆಗೆ ‘ಇಂಟರ್‌ಮೈಲ್ಸ್’ ಎಂಬ ಹೊಸ ಹೆಸರಿನಲ್ಲಿ ಅದು ಮುಂದುವರಿಯಿತು, ಸದಸ್ಯರ ಮೈಲಿಗಳು ಸಂಸ್ಥೆಯೊಂದಿಗೆ ಮುಳುಗಲಿಲ್ಲ. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾದಾಗಲೂ ಅದರ ಸದಸ್ಯರ ಪಾಯಿಂಟುಗಳು ಏರ್ ಇಂಡಿಯಾದ ಯೋಜನೆಗೆ ವರ್ಗವಾದವು.

ಮೂರು ಸಂಸ್ಥೆಗಳು, ಮೂರು ಗತಿ. ಒಂದರಲ್ಲಿ ಮೈಲಿ ಮುಳುಗಿತು, ಒಂದರಲ್ಲಿ ಹೆಸರು ಬದಲಿಸಿ ಉಳಿಯಿತು, ಇನ್ನೊಂದರಲ್ಲಿ ಬೇರೆ ಮನೆ ಸೇರಿತು. ಯಾವುದರಲ್ಲೂ ಮೈಲಿಯ ಒಡೆಯನನ್ನು ಕೇಳಿ ತೀರ್ಮಾನವಾಗಲಿಲ್ಲ. ಊರಿನಲ್ಲಿ ಚೀಟಿ ನಡೆಸುವವನು ಹಣ ಎತ್ತಿಕೊಂಡು ಓಡಿದರೆ ಅವನ ಮನೆಯ ಮುಂದೆ ಜನ ಸೇರುತ್ತಾರೆ, ಠಾಣೆಗೆ ದೂರು ಹೋಗುತ್ತದೆ. ಮೈಲಿ ಮುಳುಗಿದರೆ ಹಾಗಾಗುವುದಿಲ್ಲ. ಪುಕ್ಕಟೆ ಬಂದದ್ದು ಪುಕ್ಕಟೆ ಹೋಯಿತು ಎಂದು ಕೈ ತೊಳೆದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಪುಕ್ಕಟೆ ಬಂದದ್ದಲ್ಲ, ಟಿಕೆಟ್ಟಿನ ದರದಲ್ಲೋ ಕಾರ್ಡಿನ ಶುಲ್ಕದಲ್ಲೋ ಅದರ ಬೆಲೆ ಮೊದಲೇ ಸಂದಾಯವಾಗಿರುತ್ತದೆ.

ಮೂಗಿಗಿಂತ ಮೂಗುತಿ ಭಾರ

ಇನ್ನು ಕಾರ್ಡಿನ ಲೆಕ್ಕ. ಒಂದು ಸಾಧಾರಣ ಕಾರ್ಡು 100 ರೂಪಾಯಿ ಖರ್ಚಿಗೆ ಒಂದು ಪಾಯಿಂಟು ಕೊಡುತ್ತದೆ, ಒಂದು ಪಾಯಿಂಟಿನ ಬೆಲೆ 25 ಪೈಸೆ ಎಂದಿಟ್ಟುಕೊಳ್ಳಬಹುದು. ಅಂದರೆ ನಾಲ್ಕು ಲಕ್ಷ ರೂಪಾಯಿ ಖರ್ಚು ಮಾಡಿದರೆ ಸಿಗುವುದು ಒಂದು ಸಾವಿರ ರೂಪಾಯಿ. ಕಾರ್ಡಿನ ವಾರ್ಷಿಕ ಶುಲ್ಕ 500 ರೂಪಾಯಿ ಎಂದಾದರೆ, ಶೇ 18ರ ಜಿಎಸ್‌ಟಿ ಸೇರಿ 590. ಆ ಶುಲ್ಕ ಹುಟ್ಟಬೇಕಾದರೇ 2,36,000 ರೂಪಾಯಿ ಖರ್ಚಾಗಬೇಕು. ಅದಾದ ಮೇಲಷ್ಟೇ ಲಾಭದ ಮಾತು.

ಒಂದು ತಿಂಗಳು ಬಾಕಿ ತಪ್ಪಿದರೆ ಲೆಕ್ಕ ತಲೆಕೆಳಗಾಗುತ್ತದೆ. ಬಡ್ಡಿ ತಿಂಗಳಿಗೆ ಶೇ 3.5 ಎಂದರೆ ಕೇಳಲು ಸಣ್ಣದು, ವರ್ಷಕ್ಕೆ ಅದು ಶೇ 42. ಇಪ್ಪತ್ತು ಸಾವಿರ ರೂಪಾಯಿ ಬಾಕಿಗೆ ಒಂದು ತಿಂಗಳ ಬಡ್ಡಿ 700, ಅದರ ಮೇಲೆ ಜಿಎಸ್‌ಟಿ 126, ಒಟ್ಟು 826 ರೂಪಾಯಿ. ಅದೇ ಇಪ್ಪತ್ತು ಸಾವಿರದ ಖರ್ಚಿಗೆ ಬಂದ ಪಾಯಿಂಟಿನ ಬೆಲೆ 50 ರೂಪಾಯಿ. ಉದಾರವಾದ ಕಾರ್ಡಿನಲ್ಲಿ ನೂರಕ್ಕೆ ಒಂದು ರೂಪಾಯಿಯಂತೆ ಸಿಕ್ಕರೂ 200 ರೂಪಾಯಿ. ಕೊಸರಿಗಾಗಿ ತಕ್ಕಡಿಯನ್ನೇ ಒತ್ತೆಯಿಟ್ಟ ಹಾಗೆ.

‘ಕನಿಷ್ಠ ಮೊತ್ತ ಕಟ್ಟಿದರೆ ಸಾಕು’ ಎಂಬ ಸಾಲು ಇನ್ನೂ ಅಪಾಯಕಾರಿ. ಕನಿಷ್ಠ ಮೊತ್ತ ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಬಾಕಿ ಉಳಿದಿರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಇರುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಶೇ 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ನೀಡಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. ಆಯೋಗ ಹಾಕಿದ್ದ ಆ ಬೇಲಿಯೂ ಈಗಿಲ್ಲ. ಗ್ರಾಹಕನ ರಕ್ಷಣೆ ಬಹುಪಾಲು ಗ್ರಾಹಕನ ಕೈಯಲ್ಲೇ ಉಳಿದಿದೆ.

ಆದ್ದರಿಂದ ಪಾಯಿಂಟಿನ ಮಾತು ಆಡುವ ಅರ್ಹತೆ ಇರುವುದು ಪ್ರತಿ ತಿಂಗಳೂ ಪೂರ್ತಿ ಬಾಕಿ ತೀರಿಸುವವನಿಗೆ ಮಾತ್ರ. ಉಳಿದವರಿಗೆ ಅತ್ಯುತ್ತಮವಾದ ಪಾಯಿಂಟು ಯೋಜನೆ ಎಂದರೆ ಕಾರ್ಡನ್ನು ಪೆಟ್ಟಿಗೆಯಲ್ಲಿಡುವುದು.

ಬಳಸುವ ಬಗೆ

ಅರ್ಹತೆ ಇದ್ದವರು ವಿವೇಕದಿಂದ ಬಳಸಿದರೆ ಪಾಯಿಂಟಿನಿಂದ ಪ್ರಯೋಜನವಿಲ್ಲದಿಲ್ಲ. ಮೊದಲು ಒಂದು ಪಾಯಿಂಟಿನ ನಿಜವಾದ ಬೆಲೆ ಕಂಡುಕೊಳ್ಳಬೇಕು. ಟಿಕೆಟ್ಟಿನ ನಗದು ದರದಲ್ಲಿ, ಪಾಯಿಂಟು ಕೊಟ್ಟರೂ ಕೈಯಿಂದ ಕಟ್ಟಬೇಕಾದ ತೆರಿಗೆ ಮತ್ತು ನಿಲ್ದಾಣ ಶುಲ್ಕಗಳನ್ನು ಕಳೆದು, ಉಳಿದದ್ದನ್ನು ಪಾಯಿಂಟುಗಳ ಸಂಖ್ಯೆಯಿಂದ ಭಾಗಿಸಿದರೆ ಆ ಬೆಲೆ ಸಿಗುತ್ತದೆ. ಉದಾಹರಣೆಗೆ ಟಿಕೆಟ್ಟಿನ ದರ 7,000 ರೂಪಾಯಿ, ಬೇಕಾದ ಪಾಯಿಂಟು 10,000, ಕೈಯಿಂದ ಕಟ್ಟುವ ಶುಲ್ಕ 1,500 ರೂಪಾಯಿ ಎಂದಾದರೆ ಉಳಿತಾಯ 5,500, ಒಂದು ಪಾಯಿಂಟಿಗೆ 55 ಪೈಸೆ. ಅದೇ ಪಾಯಿಂಟಿಗೆ ಬ್ಯಾಂಕು ಬಾಕಿಯಲ್ಲಿ 25 ಪೈಸೆ ಮಾತ್ರ ಕಳೆಯುವುದಾದರೆ ಟಿಕೆಟ್ಟೇ ಲೇಸು. ದರ ಇಳಿದ ದಿನಗಳಲ್ಲಿ ಅದೇ ಟಿಕೆಟ್ಟು 4,000ಕ್ಕೆ ಸಿಕ್ಕರೆ ಪಾಯಿಂಟಿನ ಬೆಲೆ 25 ಪೈಸೆಗೆ ಇಳಿಯುತ್ತದೆ. ಆಗ ನಗದು ಕೊಟ್ಟು ಪಾಯಿಂಟನ್ನು ದೀಪಾವಳಿ, ಯುಗಾದಿಯ ದುಬಾರಿ ದಿನಗಳಿಗೆ ಉಳಿಸಿಕೊಳ್ಳಬಹುದು. ಆದರೆ ಹಬ್ಬದ ದಿನಗಳಲ್ಲಿ ಪಾಯಿಂಟಿಗೆ ಸಿಗುವ ಆಸನಗಳು ಕಡಿಮೆ. ಮುಂಚಿತವಾಗಿ ಕಾದಿರಿಸಿದವರಿಗೇ ಅವು ದಕ್ಕುತ್ತವೆ.

ಎರಡನೆಯದಾಗಿ, ಪಾಯಿಂಟನ್ನು ಬ್ಯಾಂಕಿನ ಖಾತೆಯಲ್ಲೇ ಉಳಿಸಿ, ಟಿಕೆಟ್ಟು ಖಚಿತವಾದಾಗ ಮಾತ್ರ ವಿಮಾನ ಸಂಸ್ಥೆಗೆ ವರ್ಗಾಯಿಸುವುದು ಲೇಸು. ಒಮ್ಮೆ ವರ್ಗಾಯಿಸಿದ್ದು ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ. ಒಂದೇ ಸಂಸ್ಥೆಯಲ್ಲಿ ರಾಶಿ ಹಾಕಿದವರಿಗೆ ಏನಾಯಿತೆಂಬುದನ್ನು ಕಿಂಗ್‌ಫಿಷರ್ ತೋರಿಸಿದೆ. ಅವಧಿ ಮುಗಿಯುವ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು. ಪಾಯಿಂಟು ಬೆಳೆಯುವ ಠೇವಣಿಯಲ್ಲ, ಅದು ಬಾಡುವ ಸೊಪ್ಪು.

ಮೂರನೆಯದು ಹೆಸರಿನ ತೊಡಕು. ನಮ್ಮ ಕಡೆಯ ಹಿರಿಯರ ಹೆಸರಿನಲ್ಲಿ ಊರಿನ, ತಂದೆಯ ಹೆಸರುಗಳು ಇನಿಷಿಯಲ್ಲಾಗಿ ಮುಂದೆ ನಿಲ್ಲುತ್ತವೆ. ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿಕೊಂಡು ಹಿಂದೆ ಹೋಗಿರುತ್ತವೆ. ಮೈಲಿ ಖಾತೆಯ ಹೆಸರೂ ಟಿಕೆಟ್ಟಿನ ಹೆಸರೂ ತಾಳೆಯಾಗದಿದ್ದರೆ ಹಾರಿದ ಪ್ರಯಾಣದ ಮೈಲಿ ಜಮೆಯಾಗದೆ ಹೋಗಬಹುದು. ಅಮೆರಿಕದಲ್ಲಿರುವ ಮಕ್ಕಳ ಬಾಣಂತನಕ್ಕೋ ಗೃಹಪ್ರವೇಶಕ್ಕೋ ಹೋಗುವ ತಂದೆತಾಯಿಗಳು ಇಷ್ಟು ದೂರದ ಪ್ರಯಾಣದ ಮೈಲಿಯನ್ನು ಖಾತೆಯೇ ತೆರೆಯದೆ ಕಳೆದುಕೊಳ್ಳುವುದುಂಟು. ಪಾಸ್‌ಪೋರ್ಟಿನಲ್ಲಿರುವ ಹೆಸರಿನಲ್ಲೇ ಖಾತೆ ತೆರೆಯಬೇಕು, ಮೈಲಿ ಜಮೆಯಾಗುವವರೆಗೆ ಬೋರ್ಡಿಂಗ್ ಪಾಸನ್ನು ಎಸೆಯಬಾರದು.

ನಾಲ್ಕನೆಯದು, ಪಾಯಿಂಟಿಗಾಗಿ ಖರ್ಚು ಹುಟ್ಟಿಸಬಾರದು. ‘ಇನ್ನು ಮೂವತ್ತು ಸಾವಿರ ಖರ್ಚು ಮಾಡಿದರೆ ಬೋನಸ್’ ಎಂಬ ಸಂದೇಶ ಬಂದಾಗ, ಆ ಮೂವತ್ತು ಸಾವಿರದ ಸಾಮಾನು ಮನೆಗೆ ಬೇಕಿತ್ತೇ ಎಂಬುದೊಂದೇ ಪ್ರಶ್ನೆ. ಪೆಟ್ರೋಲು, ಸರ್ಕಾರಿ ಪಾವತಿಗಳಿಗೆ ಹಲವು ಕಾರ್ಡುಗಳಲ್ಲಿ ಪಾಯಿಂಟೇ ಇರುವುದಿಲ್ಲ. ನಿಲ್ದಾಣದ ವಿಶ್ರಾಂತಿ ಕೊಠಡಿಯ ಸೌಲಭ್ಯಕ್ಕೂ ಹಲವು ಬ್ಯಾಂಕುಗಳು ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚಾಗಿರಬೇಕೆಂಬ ಷರತ್ತು ಹಾಕಿವೆ. ಅಂದು ಉಚಿತವಾಗಿದ್ದದ್ದು ಇಂದು ಷರತ್ತಿನದಾಯಿತು.

ಪಾಯಿಂಟಿನ ಹೆಸರಿನ ಬಲೆ

‘ನಿಮ್ಮ ಪಾಯಿಂಟುಗಳು ಇಂದು ರಾತ್ರಿ ರದ್ದಾಗುತ್ತವೆ, ಕೂಡಲೇ ಈ ಕಡತವನ್ನು ಮೊಬೈಲಿಗೆ ಇಳಿಸಿಕೊಳ್ಳಿ’ ಎಂಬ ಸಂದೇಶ ಬಂದರೆ ಅದು ವಂಚಕರ ಬಲೆ. ಸ್ಟೇಟ್ ಬ್ಯಾಂಕಿನ ಹೆಸರಿನಲ್ಲಿ ಹರಿದಾಡಿದ ಇಂಥ ಸಂದೇಶ ಸುಳ್ಳೆಂದು ಕೇಂದ್ರದ ವಾರ್ತಾ ಶಾಖೆ 2024ರಲ್ಲಿ ಸ್ಪಷ್ಟಪಡಿಸಿತ್ತು. ಇಳಿಸಿಕೊಂಡ ಕಡತ ಮೊಬೈಲಿಗೆ ಬರುವ ಒಟಿಪಿಯನ್ನು ಕದಿಯುತ್ತದೆ, ಖಾತೆ ಖಾಲಿಯಾಗುತ್ತದೆ. ಹಾಗಾದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ದೂರು ಹೋದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಆಗಬೇಕಾದದ್ದೇನು?

ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ಕಾರ್ಡು ನಿರ್ದೇಶನಗಳು ಗ್ರಾಹಕನಿಗೆ ಕೆಲವು ಹಕ್ಕು ಕೊಟ್ಟವು. ಕೇಳದೆ ಕಾರ್ಡು ಕಳಿಸುವಂತಿಲ್ಲ. ಬಾಕಿ ಇಲ್ಲದ ಕಾರ್ಡನ್ನು ರದ್ದುಮಾಡಲು ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮಾಡಬೇಕು, ತಪ್ಪಿದರೆ ದಿನಕ್ಕೆ 500 ರೂಪಾಯಿ ತೆರಬೇಕು. ಷರತ್ತುಗಳು ಸರಳ ಭಾಷೆಯಲ್ಲಿರಬೇಕು, ಇಂಗ್ಲಿಷ್ ಮತ್ತು ಹಿಂದಿಯ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಇದ್ದರೆ ಒಳ್ಳೆಯದು ಎಂಬ ಮಾತೂ ಅದರಲ್ಲಿತ್ತು. ‘ಇದ್ದರೆ ಒಳ್ಳೆಯದು’ ಎಂಬುದನ್ನು ‘ಇರಲೇಬೇಕು’ ಎಂದು ಬದಲಿಸುವುದು ಮೊದಲ ಕೆಲಸ. ಕಾರ್ಡು ಮಾರುವಾಗ ಕನ್ನಡ ಬರುವ ಬ್ಯಾಂಕಿಗೆ ಷರತ್ತು ಬರೆಯುವಾಗ ಕನ್ನಡ ಬರುವುದಿಲ್ಲ ಎಂಬುದು ನಂಬತಕ್ಕ ಮಾತಲ್ಲ.

ಎರಡನೆಯದು, ವಿಮಾನ ಸಂಸ್ಥೆ ಮುಳುಗಿದರೆ ಮೈಲಿಯ ಗತಿಯೇನು ಎಂಬುದನ್ನು ಸದಸ್ಯನಾಗುವಾಗಲೇ ಸ್ಪಷ್ಟವಾಗಿ ಹೇಳಬೇಕು. ಕಿಂಗ್‌ಫಿಷರ್, ಜೆಟ್ ಸಂಸ್ಥೆಗಳ ಪತನ ಕಂಡ ದೇಶದಲ್ಲಿ ಇದು ಅತಿಯಾದ ಬೇಡಿಕೆಯಲ್ಲ.

2022ರ ನವೆಂಬರ್ 11ರಂದು ಪ್ರಧಾನಿ ನರೇಂದ್ರ ಮೋದಿ ಅವರು ಒಂದೇ ದಿನ ಎರಡು ಪ್ರಯಾಣದ ದಾರಿಗಳಿಗೆ ಬೆಂಗಳೂರಿನಲ್ಲಿ ಚಾಲನೆ ನೀಡಿದರು. ಒಂದು, ದೇವನಹಳ್ಳಿಯ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್. ಇನ್ನೊಂದು, ಕರ್ನಾಟಕದ ಯಾತ್ರಿಕರಿಗಾಗಿ ಕಾಶಿಗೆ ಹೊರಟ ಭಾರತ್ ಗೌರವ್ ರೈಲು. ಆ ರೈಲಿನ ಯಾತ್ರಿಕರಿಗೆ ರಾಜ್ಯ ಸರ್ಕಾರ ಆರಂಭದಲ್ಲಿ ತಲಾ 5,000 ರೂಪಾಯಿ ಸಹಾಯಧನ ನೀಡಿತು. ಮೇಲಿನ ಲೆಕ್ಕದ ಸಾಧಾರಣ ಕಾರ್ಡಿನಲ್ಲಿ 5,000 ರೂಪಾಯಿಯ ಪಾಯಿಂಟು ಕೂಡಬೇಕಾದರೆ ಇಪ್ಪತ್ತು ಲಕ್ಷ ಖರ್ಚಾಗಬೇಕು.

ತ್ಯಾಮಗೊಂಡ್ಲು ಹೋಬಳಿಯ ಮಗನೊಬ್ಬ ತಂದೆತಾಯಿಯನ್ನು ಕಾಶಿಗೆ ವಿಮಾನದಲ್ಲೇ ಕರೆದೊಯ್ಯಲಿ, ರೈಲಿನಲ್ಲೇ ಕರೆದೊಯ್ಯಲಿ, ಅದು ಅವನ ಇಷ್ಟ. ಪಾಯಿಂಟು ಇದ್ದರೆ ಅದೂ ಒಂದಿಷ್ಟು ಆಸರೆಯಾಗಲಿ. ಆದರೆ ಹಿಂದಿರುಗಿ ಬಂದಾಗ ಮನೆಬಾಗಿಲಲ್ಲಿ ಕಾರ್ಡಿನ ಬಾಕಿ ಕಾದು ನಿಂತಿರಬಾರದು. ಗಂಗೆಯಲ್ಲಿ ಮಿಂದು ಬಂದರೂ ತೀರದ ಋಣ ಅದೊಂದೇ.